ನಾಲ್ಕನೆಯ ಋಣ

ಗಣಪತಿಯ ಪೂಜೆಯಿರಲಿ, ತಂದೆಯ ಶ್ರಾದ್ಧವಿರಲಿ, ಮನೆಯಲ್ಲಿ ನಡೆಯುವ ಯಾವ ಕರ್ಮದ ಆರಂಭದಲ್ಲಿಯೂ ಯಜಮಾನನು ಕೈಯಲ್ಲಿ ಅಕ್ಷತೆಯನ್ನು ಹಿಡಿದು, ತಾನು ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಕುಳಿತು ಅದನ್ನು ಮಾಡುತ್ತಿರುವನೆಂಬುದನ್ನು ಬಾಯಿಬಿಟ್ಟು ಹೇಳಬೇಕೆಂಬುದು ನಮ್ಮ ಹಿರಿಯರ ವಿಧಿ. ಜಂಬೂದ್ವೀಪ, ಭರತವರ್ಷ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರವೆಂದು ಬ್ರಹ್ಮಾಂಡದ ವಿಸ್ತಾರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಆ ಸಂಕಲ್ಪವು, ಶಾಲಿವಾಹನ ಶಕೆ, ಸಂವತ್ಸರ, ತಿಥಿ, ವಾರ, ನಕ್ಷತ್ರಗಳನ್ನು ದಾಟಿ, ಕಡೆಗೆ ಕರ್ತೃವಿನ ಗೋತ್ರನಾಮಗಳಲ್ಲಿ ಬಂದು ನಿಲ್ಲುತ್ತದೆ. ಬೆಂಗಳೂರಿನ ಬಳೇಪೇಟೆಯ ಯಾವುದೋ ಗಲ್ಲಿಯ ಮಹಡಿಯ ಮೇಲೆ ಒಂದೂವರೆ ಕೋಣೆಯ ಬಾಡಿಗೆಮನೆಯಲ್ಲಿ ಕುಳಿತವನೂ ತಾನು ಗೋದಾವರಿಯ ದಕ್ಷಿಣಕ್ಕಿರುವೆನೆಂದೇ ಹೇಳುತ್ತಾನೆ. ಅದು ಸುಳ್ಳೂ ಅಲ್ಲ. ಆದರೆ ಗೋದಾವರಿಗೂ ಗೋತ್ರಕ್ಕೂ ನಡುವೆ ಆತನು ದಿನವೂ ತುಳಿಯುವ ಬೀದಿಯೊಂದುಂಟಷ್ಟೆ. ಅದರ ಪ್ರಸ್ತಾಪವೇ ಸಂಕಲ್ಪದಲ್ಲಿಲ್ಲ. ಅಮೆರಿಕಕ್ಕೆ ಹೋದ ನಮ್ಮ ಪುರೋಹಿತರು ಜಂಬೂದ್ವೀಪದ ಸ್ಥಾನದಲ್ಲಿ ಕ್ರೌಂಚದ್ವೀಪವನ್ನು ಹೇಳುವ ರೂಢಿಯನ್ನು ಮಾಡಿಕೊಂಡಿದ್ದಾರೆ. ದ್ವೀಪ ಬದಲಾಯಿತು, ಬೀದಿ ಅಲ್ಲಿಯೂ ಒಳಗೆ ಬರಲಿಲ್ಲ.

ಶಾಸ್ತ್ರಕಾರರು ಬೀದಿಯನ್ನು ಮರೆತರೆಂದು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಮನುಷ್ಯನು ಹುಟ್ಟುವಾಗಲೇ ಸಾಲಗಾರನಾಗಿ ಹುಟ್ಟುತ್ತಾನೆಂಬುದು ವೇದಕಾಲದಿಂದ ನಡೆದುಬಂದ ಭಾವನೆ. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಲ್ಲತಕ್ಕ ಮೂರು ಋಣಗಳನ್ನು ತೈತ್ತಿರೀಯ ಸಂಹಿತೆ ಎಣಿಸಿತು. ಜನರ ಬಾಯಲ್ಲಿ ನಿಂತದ್ದೂ ಈ ಮೂರೇ. ಶತಪಥ ಬ್ರಾಹ್ಮಣವಾದರೋ ಇವುಗಳ ಜೊತೆಗೆ ನಾಲ್ಕನೆಯದೊಂದನ್ನು, ಮನುಷ್ಯರಿಗೆ ಸಲ್ಲತಕ್ಕ ಋಣವನ್ನು ಸೇರಿಸಿ, ಬಂದವರಿಗೆ ಇರಲು ಎಡೆಗೊಡುವುದರಿಂದಲೂ ಉಣ್ಣಲಿಕ್ಕುವುದರಿಂದಲೂ ಅದು ತೀರುವುದೆಂದು ಹೇಳಿತು. ಮೊದಲ ಮೂರಕ್ಕೂ ಈ ನಾಲ್ಕನೆಯದಕ್ಕೂ ಒಂದು ದೊಡ್ಡ ಭೇದವುಂಟು. ಊರು ಬಿಟ್ಟು ಹೊರಟವನು ಸಾಲಿಗ್ರಾಮವನ್ನು ಸಂಪುಟದಲ್ಲಿಟ್ಟುಕೊಂಡು ಹೋಗಬಹುದು. ಕಲಿತದ್ದು ಕಂಠದಲ್ಲಿಯೇ ಇರುತ್ತದೆ. ಪಿಂಡವನ್ನು ಯಾವ ನೀರಿನ ದಡದಲ್ಲಿಯಾದರೂ ಇಡಬಹುದು. ಮನುಷ್ಯಋಣವನ್ನು ಮಾತ್ರ ಹೊತ್ತುಕೊಂಡು ಹೋಗುವಂತಿಲ್ಲ. ಬಿಟ್ಟ ಊರಿನಲ್ಲಿ ಅದರ ಬಾಕಿ ಹಾಗೆಯೇ ಉಳಿಯುತ್ತದೆ; ಸೇರಿದ ಊರಿನಲ್ಲಿ, ಬಾಡಿಗೆಮನೆ ಹೊಕ್ಕ ದಿನ ಹಾಲುಕ್ಕಿಸುವ ಒಲೆಗೆ ಪಕ್ಕದ ಮನೆಯಿಂದ ಬೆಂಕಿಪೊಟ್ಟಣವನ್ನು ಕೇಳಿ ಪಡೆದ ಕ್ಷಣದಲ್ಲಿಯೇ ಹೊಸ ಲೆಕ್ಕ ಆರಂಭವಾಗುತ್ತದೆ. ವಲಸೆ ಬಂದವನು ಯಾವಾಗ ಆ ಸ್ಥಳದವನಾಗುತ್ತಾನೆಂಬ ಪ್ರಶ್ನೆಗೆ ಹುಟ್ಟು, ಭಾಷೆ, ತಲೆಮಾರುಗಳ ಎಣಿಕೆ ಮೊದಲಾದ ಉತ್ತರಗಳನ್ನು ಹೇಳುವವರುಂಟು. ನನಗೆ ತೋರುವ ಉತ್ತರ ಈ ಲೆಕ್ಕದ ಪುಸ್ತಕದಲ್ಲಿದೆ.

ಮನೆಯಿಲ್ಲದಿರುವುದು ನಮ್ಮ ಧರ್ಮದಲ್ಲಿ ಕೀಳಾದ ಸ್ಥಿತಿಯೇನೂ ಅಲ್ಲ. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನಿಗೆ ಪ್ರಿಯನಾದ ಭಕ್ತನ ಲಕ್ಷಣಗಳನ್ನು ಹೇಳುವಾಗ ನಿಕೇತನವಿಲ್ಲದಿರುವುದನ್ನೂ ಸೇರಿಸಿದೆ. ಚಾತುರ್ಮಾಸ್ಯವೊಂದನ್ನುಳಿದು ಸಂನ್ಯಾಸಿಯು ಒಂದೇ ಗ್ರಾಮದಲ್ಲಿ ಬಹುಕಾಲ ನಿಲ್ಲಕೂಡದೆಂಬ ನಿಯಮ ಪ್ರಸಿದ್ಧವಾದದ್ದು. ಆದರೆ ಸಂನ್ಯಾಸಿಯು ನಡೆಯುವುದು ಮಮತೆ ಅಂಟದಿರಲೆಂದು. ಮಳೆ ತಪ್ಪಿದ ವರ್ಷ ರಾಯಚೂರಿನ ಸೀಮೆಯಿಂದ ಹೆಂಡತಿಮಕ್ಕಳೊಡನೆ ರೈಲು ಹತ್ತುವವನು ನಡೆಯುವುದು ಮಮತೆಯ ಸಲುವಾಗಿಯೇ. ಮನೆಯನ್ನು ಉಳಿಸಿಕೊಳ್ಳಲು ಮನೆಯನ್ನು ಬಿಡಬೇಕಾಗಿ ಬಂದ ಈ ಗೃಹಸ್ಥನಿಗೆ ಸಂನ್ಯಾಸಿಗೆ ಸಲ್ಲುವ ಭಿಕ್ಷೆಯೂ ಇಲ್ಲ, ಅತಿಥಿಗೆ ಸಲ್ಲುವ ಮರ್ಯಾದೆಯೂ ಇಲ್ಲ. ಧರ್ಮಶಾಸ್ತ್ರಗಳು ಅತಿಥಿಯನ್ನು ಒಂದು ರಾತ್ರಿಯ ಲೆಕ್ಕದಲ್ಲಿ ಕಂಡವು. ಮೂರು ತಲೆಮಾರು ನಿಂತ ಅತಿಥಿಗೆ ಯಾವ ಉಪಚಾರ ವಿಹಿತವೆಂಬುದನ್ನು ನಾವೇ ಯೋಚಿಸಿಕೊಳ್ಳಬೇಕಾಗಿದೆ.

ಬೆಂಗಳೂರಿನ ಹಳೆಯ ಪೇಟೆಯನ್ನು ನೋಡಿದರೆ ಈ ಪ್ರಶ್ನೆಯಲ್ಲಿ ಅತಿಥಿ ಯಾರು, ಆತಿಥೇಯ ಯಾರು ಎಂಬುದೇ ಸಂದೇಹಕ್ಕೆ ಬೀಳುತ್ತದೆ. 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳ ಗೆರೆ ಎಳೆಸಿದರೆಂಬ ಪ್ರತೀತಿಯುಳ್ಳ ಈ ಊರಿನಲ್ಲಿ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆಗಳೆಂಬ ಹೆಸರುಗಳೆಲ್ಲವೂ ಸರಕಿನವು, ಇಲ್ಲವೆ ಕಸುಬಿನವು. ಕಸುಬಿನವರನ್ನು ಹೊರಗಿನಿಂದ ಕರೆತಂದು ನೆಲೆಗೊಳಿಸದೆ ಯಾವ ದೊರೆಯೂ ಪೇಟೆಯನ್ನು ಕಟ್ಟಲಾರನಾದ್ದರಿಂದ, ಇಲ್ಲಿಯ ಮೊದಲ ಒಕ್ಕಲೂ ವಲಸೆಯ ಒಕ್ಕಲೇ ಆಗಿರಬೇಕು. 1638ರಲ್ಲಿ ಊರು ಬಿಜಾಪುರದವರ ವಶವಾಗಿ ಅವರ ಮರಾಠ ಸರದಾರ ಶಹಾಜಿಯ ಜಹಗೀರಾದ ಮೇಲೆ ಮರಾಠಿಯ ಮನೆಗಳಾದವು. ಮಗ್ಗದವರು ಬಂದರು. 1809ರಲ್ಲಿ ಇಂಗ್ಲಿಷರ ದಂಡು ಬಂದು ಬೀಡುಬಿಟ್ಟ ತರುವಾಯ ಅದರ ಬೆನ್ನಿಗೆ ತಮಿಳರು ಬಂದರು. ಇನ್ನೂ ಮುಂದೆ ಚಿಕ್ಕಪೇಟೆಯ ಜವಳಿಗೂ ಲೇವಾದೇವಿಗೂ ಮಾರ್ವಾಡಿಗಳೂ ಗುಜರಾತಿಗಳೂ ಬಂದರು. ಈ ನೆಲದ ಮೂಲನಿವಾಸಿಯೆಂಬ ಪದವಿಗೆ ನಿಸ್ಸಂದೇಹವಾಗಿ ಅರ್ಜಿ ಹಾಕಬಲ್ಲವನು ಕಾಡುಮಲ್ಲೇಶ್ವರನೆಂಬ ದೇವರೊಬ್ಬನೇ ಎಂದು ತೋರುತ್ತದೆ. ಅವನಿಗೆ 1669ರಲ್ಲಿ ಗ್ರಾಮವನ್ನು ದತ್ತಿಯಾಗಿ ಬಿಟ್ಟವನಾದರೋ ಶಹಾಜಿಯ ಮಗ ಏಕೋಜಿ.

ಇಷ್ಟು ಬಗೆಯ ಜನ ಒಂದೇ ಬೀದಿಯಲ್ಲಿ ಬಾಳುವುದೆಂದರೆ ಏನೆಂಬುದು ಚರಿತ್ರೆಗಿಂತ ವಠಾರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ನಿರಂಜನರು ‘ರಂಗಮ್ಮನ ವಠಾರ’ವೆಂದು ಒಂದು ಕಾದಂಬರಿಯನ್ನೇ ಬರೆದರು. ಎದುರುಬದುರು ಸಾಲಾಗಿ ಬಾಗಿಲುಗಳು, ನಡುವೆ ಕಲ್ಲುಚಪ್ಪಡಿಯ ಓಣಿ, ತುದಿಯಲ್ಲಿ ಒಂದು ನಲ್ಲಿ, ಅದರ ಪಕ್ಕಕ್ಕೆ ಒಗೆಯುವ ಕಲ್ಲು; ಒಂದು ಮನೆಯ ಒಗ್ಗರಣೆಗೆ ನಾಲ್ಕು ಮನೆಯವರು ಸೀನುವಷ್ಟು ಸಾಮೀಪ್ಯ. ಮುಂಜಾನೆ ನಲ್ಲಿಯ ಮುಂದೆ ಮನುಷ್ಯರಿಗಿಂತ ಮೊದಲು ಕೊಡಗಳು ಬಂದು ಸಾಲಾಗಿ ಕೂರುತ್ತಿದ್ದವು. ಮಡಿಯುಟ್ಟು ನೀರಿಗೆ ಬಂದ ಅಜ್ಜಿ ತನ್ನ ಕೊಡಕ್ಕೆ ಇನ್ನೊಬ್ಬರ ಕೊಡ ಸೋಕೀತೆಂದು ಗೇಣುದ್ದ ದೂರದಲ್ಲಿಟ್ಟರೆ, ಹಿಂದಿದ್ದವಳು ಆ ಗೇಣಿನಲ್ಲಿಯೇ ತನ್ನದನ್ನು ತೂರಿಸಿ, “ಅಜ್ಜೀ, ನಿಮ್ ಮಡಿ ನಿಮ್ಗಿರ್ಲಿ, ನಮ್ ಪಾಳಿ ನಮ್ಗೆ ಬಿಡಿ” ಎನ್ನುವಳು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತೆಯ ಮನೆಯಲ್ಲಿ ಬೆಳಗಿನ ಜಾವದಲ್ಲಿಯೇ ಜೋಳದ ರೊಟ್ಟಿಯನ್ನು ಬಡಿಯುವ ಸದ್ದು ನಡುಗೋಡೆಯನ್ನು ದಾಟಿ ಬಂದು, ಮೈಸೂರು ಸೀಮೆಯ ನೆರೆಯವಳ ನಿದ್ದೆಗೆಡಿಸುವುದು. ಮೊದಲ ವರ್ಷ ಅದು ವಠಾರದ ಯಜಮಾನಿಯವರೆಗೆ ಹೋದ ದೂರು. ಎರಡನೆಯ ವರ್ಷ ಆ ಸದ್ದೇ ಅವಳಿಗೆ ಏಳುವ ಹೊತ್ತಿನ ಗುರುತು. ಗುಮಾಸ್ತೆಯ ಹೆಂಡತಿ ಬಾಣಂತಿತನಕ್ಕೆ ತವರಿಗೆ ಹೋದಾಗ ಇವಳು ತಡವಾಗಿ ಎದ್ದು, ಗಂಡನ ಕಚೇರಿಗೆ ಹೊತ್ತಾಯಿತೆಂದು ಬೈಸಿಕೊಂಡದ್ದೂ ಉಂಟು.

ಇದನ್ನು ಸಾಮರಸ್ಯವೆಂಬ ದೊಡ್ಡ ಮಾತಿನಿಂದ ಕರೆಯಲು ನನಗೆ ಮನಸ್ಸಿಲ್ಲ. ವಠಾರದಲ್ಲಿ ಜಾತಿಯನ್ನು ಕೇಳಿಯೇ ಮನೆ ಕೊಡುತ್ತಿದ್ದರು. ಕೇಳಿ ಇಲ್ಲವೆಂದದ್ದೂ ಎಷ್ಟೋ. ನಾನು ಹೇಳುವುದು ಇಷ್ಟೆ: ಒಳಗೆ ಸೇರಿದವರ ನಡುವೆ ಒಲವಿದ್ದರೂ ಇಲ್ಲದಿದ್ದರೂ ಕೊಡುಕೊಳೆ ತಪ್ಪುತ್ತಿರಲಿಲ್ಲ. ಒಂದು ಲೋಟ ಸಕ್ಕರೆಯನ್ನು ಸಾಲ ತಂದವಳು ಅದನ್ನು ತಿರುಗಿ ಕೊಡುವಾಗ ಗೋಪುರ ಕಟ್ಟುವಂತೆ ತುಂಬಿ ಕೊಡುತ್ತಿದ್ದುದು ಔದಾರ್ಯದಿಂದಲೆ, ಅಭಿಮಾನದಿಂದಲೆ, ಇಲ್ಲವೆ ಮುಂದಿನ ಸಾಲಕ್ಕೆ ದಾರಿಯಿರಲೆಂಬ ಎಣಿಕೆಯಿಂದಲೆ ಎಂದು ವಿಚಾರಿಸುವವರು ನೀತಿಶಾಸ್ತ್ರವನ್ನು ಬರೆಯಲಿ. ಋಣಕ್ಕೆ ಆ ವಿಚಾರ ಬೇಡ. ಸಾಲವನ್ನು ಪ್ರೀತಿಯಿಂದ ತೀರಿಸಿದರೂ ಮುಖ ಸಿಂಡರಿಸಿ ತೀರಿಸಿದರೂ ತೀರಿದಂತೆಯೇ.

ತೀರಿಸದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಹಳೆಯ ಕಥೆಯೊಂದುಂಟು. ಸೌರಾಷ್ಟ್ರದ ಆದಯ್ಯನೆಂಬ ವರ್ತಕನು ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಬಂದನು. ಆ ಊರಿನ ಜೈನ ಮನೆತನದ ಪದ್ಮಾವತಿಯನ್ನು ಮೆಚ್ಚಿ ವಿವಾಹವಾದನು. ಹರಿಹರನು ರಗಳೆಯಾಗಿಯೂ ರಾಘವಾಂಕನು ‘ಸೋಮನಾಥ ಚಾರಿತ್ರ’ವಾಗಿಯೂ ಹೇಳಿದ ಈ ಕಥೆಯಲ್ಲಿ ವಿರಸವು ಹುಟ್ಟುವುದು ದೇವರ ವಿಷಯದಲ್ಲಲ್ಲ, ಊಟದ ವಿಷಯದಲ್ಲಿ: ಅಳಿಯನ ಕಡೆಯ ಶಿವಭಕ್ತರಿಗೆ ಮಾವನ ಮನೆಯಲ್ಲಿ ಅನಾದರವಾಯಿತು, ಅಳಿಯನು ಸಿಟ್ಟಿನಿಂದ, ಸೌರಾಷ್ಟ್ರದ ಸೋಮನಾಥನನ್ನೇ ಇಲ್ಲಿಗೆ ತಂದು ನಿಮ್ಮ ಬಸದಿಯಲ್ಲಿ ನಿಲ್ಲಿಸುವೆನೆಂದು ಪಂಥ ಕಟ್ಟಿ, ಹೋಗಿ, ತಂದು, ನಿಲ್ಲಿಸಿದನು. ನಂದಿಯ ಮೇಲೆ ಪಾರ್ವತಿಯೊಡನೆ ಕುಳಿತ ಆ ಸೋಮೇಶ್ವರನನ್ನು ಇಂದಿಗೂ ಅಲ್ಲಿ ನೋಡಬಹುದು. ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಅಲ್ಲಿಯ ಪ್ರಸಿದ್ಧ ದೇವರು ಸಮುದ್ರತೀರದ ಗುಜರಾತಿನಿಂದ ಬಂದವನೆಂಬುದನ್ನು ಅಭಿಮಾನಿಗಳು ಆಗಾಗ ನೆನೆದರೆ ಒಳ್ಳೆಯದು.

ಭಕ್ತಕವಿಗಳಿಗೆ ಇದು ಜಯದ ಕಥೆ. ನನಗೆ ಓದಿದಾಗಲೆಲ್ಲ ಮನಸ್ಸು ಕಸಿವಿಸಿಯಾಗುತ್ತದೆ. ಬಂದವನು ತನ್ನ ದೇವರನ್ನು ಜೊತೆಗೆ ತರುವುದು ಸಹಜ. ಇದ್ದವರ ದೇವರನ್ನು ಎಬ್ಬಿಸಿ ಆ ಪೀಠದಲ್ಲಿಯೇ ಕೂರಿಸುವುದು ಬೇರೆ ಮಾತು. ವಲಸೆಗಾರನೆಲ್ಲ ದೀನನೆಂದೂ ಇದ್ದವನೆಲ್ಲ ದರ್ಪಿಷ್ಠನೆಂದೂ ಕಣ್ಣು ಮುಚ್ಚಿ ತೀರ್ಪು ಕೊಡುವ ನಮ್ಮ ಕಾಲದ ಸಜ್ಜನರು ಆದಯ್ಯನ ಮಾವನ ಕಡೆಯಿಂದಲೂ ಒಮ್ಮೆ ಈ ಕಥೆಯನ್ನು ಕೇಳಬೇಕು. ಇಬ್ಬರಿಗಿಂತ ಹೆಚ್ಚಾಗಿ ಪದ್ಮಾವತಿಯ ಕಡೆಯಿಂದ: ತವರಿನ ಅಡುಗೆಮನೆಗೂ ಗಂಡನ ಪಂಕ್ತಿಗೂ ನಡುವೆ ಸಟ್ಟುಗ ಹಿಡಿದು ನಿಂತ ಆ ಹೆಣ್ಣನ್ನು ಶಿವಭಕ್ತೆಯನ್ನಾಗಿ ಮಾಡಿ ಕವಿಗಳು ಕೈತೊಳೆದುಕೊಂಡರು. ಆದರೆ ಕಥೆ ಒಂದು ವಿಷಯದಲ್ಲಿ ಬಲು ನಿಜವಾದದ್ದು. ಮನುಷ್ಯರ ನಡುವೆ ನಿಂತುಹೋದ ಅನ್ನದ ಬಾಕಿಯೇ ಬೆಳೆದು ದೇವರ ಜಗಳವಾಗುತ್ತದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನೂ ಉಳಿದ, ಶಂಖಬಸದಿಯೂ ಉಳಿಯಿತು, ಆದಿಲಶಾಹಿಗಳ ಕಾಲದ ಮಸೀದಿಯೂ ಎದ್ದಿತು. ಆಮೇಲಿನ ಶತಮಾನಗಳಲ್ಲಿ ಆ ಊರಿನವರು ಬಾಕಿಯನ್ನು ಹೇಗೋ ತೀರಿಸಿಕೊಂಡು ಬಂದಿರಬೇಕು. ಅದನ್ನು ರಗಳೆಯಾಗಿ ಹಾಡುವ ಕವಿ ಹುಟ್ಟಲಿಲ್ಲ.

ಬೆಂಗಳೂರಿನ ಕರಗದ ದೇವಿ ಮತ್ತೊಂದು ಬಗೆಯವಳು. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ಕರಗವು ದ್ರೌಪದಿಯ ಸ್ವರೂಪವೆಂಬುದೂ, ಅದನ್ನು ಹೊರುವ ಅರ್ಚಕನು ಹೆಣ್ಣಿನ ವೇಷ ಧರಿಸಿ ಮಲ್ಲಿಗೆಯಿಂದ ಮುಚ್ಚಿದ ಆ ಭಾರವನ್ನು ಕೈಸೋಕದೆ ತಲೆಯ ಮೇಲೆ ಹೊತ್ತು ನಡೆಯುವನೆಂಬುದೂ, ಸುತ್ತಲೂ ಬಿಚ್ಚುಗತ್ತಿಯ ವೀರಕುಮಾರರು ಕಾವಲಿರುವರೆಂಬುದೂ ಎಲ್ಲರಿಗೂ ತಿಳಿದದ್ದು. ಅಸುರನನ್ನು ಕೊಲ್ಲಲು ದ್ರೌಪದಿಯು ವೀರಕುಮಾರರನ್ನು ಸೃಷ್ಟಿಸಿದಳು. ಕಾರ್ಯ ಮುಗಿದು ಆಕೆ ಹೊರಟಾಗ ಅವರು ಹೋಗಬೇಡವೆಂದು ಬೇಡಿಕೊಳ್ಳಲು, ವರ್ಷಕ್ಕೆ ಮೂರು ದಿನ ಬಂದು ನಿಮ್ಮೊಡನಿರುವೆನೆಂದು ಮಾತುಕೊಟ್ಟಳು. ಹೀಗೆಂದು ತಿಗಳರ ನಂಬಿಕೆ. ಹೂವು ತರಕಾರಿಗಳ ತೋಟಗಳನ್ನು ಮಾಡಿಕೊಂಡು ಈ ಊರಿನ ಹಸುರನ್ನು ಬೆಳೆಸಿದ ಈ ಜನರ ಪೂರ್ವಿಕರು ತಮಿಳು ಸೀಮೆಯಿಂದ ಬಂದವರೆನ್ನುತ್ತಾರೆ. ದೇವಿಯೇ ಒಂದು ಕಡೆ ನಿಲ್ಲಲಾರದವಳು, ರಜೆಯ ಮೇಲೆ ಬರುವವಳು. ದೂರದ ಊರಿನಲ್ಲಿ ದುಡಿಯುವ ಮಗನು ಜಾತ್ರೆಗೆ ಮೂರು ದಿನ ಬಂದು ಹೋಗುವುದಕ್ಕೂ ಇದಕ್ಕೂ ಏನು ಅಂತರ? ಇರುವವರು ಒಂದು ಕಡೆ, ಬಂದು ಹೋಗುವ ದೇವರು ಒಂದು ಕಡೆ. ನಡುವೆ ಮಾತು ತಪ್ಪದ ಒಂದು ಕರಾರು. ಸರ್ವಾಂತರ್ಯಾಮಿಯಾದ ಬ್ರಹ್ಮಕ್ಕೆ ಬರುವುದೇನು, ಹೋಗುವುದೇನು ಎಂದು ವೇದಾಂತಿಯು ಕೇಳಬಹುದು. ಕೇಳಲಿ, ಅವನೂ ಆ ರಾತ್ರಿ ಅವೆನ್ಯೂ ರಸ್ತೆಯ ಯಾವುದಾದರೊಂದು ಜಗಲಿಯ ಮೇಲೆ ನಿದ್ದೆಗೆಟ್ಟು ಕಾಯುತ್ತಿರುತ್ತಾನೆ.

ಆ ಕರಗವು ನಗರ್ತಪೇಟೆ, ಕಬ್ಬನ್‌ಪೇಟೆಗಳ ಗಲ್ಲಿಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. ಏಕೆ ಹೋಗುತ್ತದೆಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆಯನ್ನು ಹೇಳುತ್ತಾರೆ. ಕಥೆಗಳು ಆಮೇಲೆ ಹುಟ್ಟಿದವಾಗಿರಬಹುದು. ದಾರಿಯಲ್ಲಿರುವ ನೆರೆಮನೆಯ ಹಿರಿಯರನ್ನು ಮಾತನಾಡಿಸದೆ ಹೋಗುವುದು ಬೀದಿಯ ಮರ್ಯಾದೆಯಲ್ಲವೆಂಬುದೇ ಸಾಕಾದ ಕಾರಣವೆಂದು ನಾನು ತಿಳಿದಿದ್ದೇನೆ. ಇಸ್ಲಾಮಿನಲ್ಲಿ ಈ ಭಾವನೆಗೆ ಆಳವಾದ ಬೇರುಂಟು. ಮುಸಲ್ಮಾನರ ಕಾಲಗಣನೆಯು ಪ್ರವಾದಿಯ ಜನನದಿಂದಾಗಲಿ, ಯಾವುದೋ ಯುದ್ಧದ ಗೆಲುವಿನಿಂದಾಗಲಿ ಆರಂಭವಾಗದೆ, ಅವರು 622ರಲ್ಲಿ ಮಕ್ಕಾವನ್ನು ಬಿಟ್ಟು ಮದೀನಕ್ಕೆ ವಲಸೆ ಹೋದ ವರ್ಷದಿಂದ ಆರಂಭವಾಗುತ್ತದೆ. ಅಲ್ಲಿ ಅವರು ಮಾಡಿದ ಮೊದಲ ಏರ್ಪಾಡುಗಳಲ್ಲಿ ಒಂದು, ಬಂದವರಲ್ಲಿ ಒಬ್ಬನಿಗೂ ಇದ್ದವರಲ್ಲಿ ಒಬ್ಬನಿಗೂ ಸಹೋದರತ್ವವನ್ನು ಕಟ್ಟಿ, ಮನೆಯಲ್ಲಿ ಪಾಲು ಕೊಡಿಸಿದ್ದು. ಶತಪಥದ ಮಾತು ಮರುಭೂಮಿಯ ನಗರವೊಂದರಲ್ಲಿ ಕಟ್ಟಳೆಯಾಗಿ ನಡೆದಂತೆ ಇದು ನನಗೆ ಕಾಣುತ್ತದೆ.

ಪೇಟೆಯನ್ನು ಹೊರಗಿನವರು ಆಕ್ರಮಿಸಿದರೆಂದು ಕೊರಗುವವರ ಮಾತನ್ನು ಕೇಳುವಾಗ ಒಂದು ಸಂಗತಿಯನ್ನು ನೆನಪಿಡಬೇಕು. 1898ರಲ್ಲಿ ಪ್ಲೇಗು ಬಂದಾಗ ಈ ಗಲ್ಲಿಗಳನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಹೋದವರು ಪೇಟೆಯ ಅನುಕೂಲಸ್ಥರು. ಖಾಲಿಯಾದ ಮನೆಗೆ ಯಾರಾದರೂ ಬರಲೇಬೇಕು. ಮಾಡಿಗೆ ಹೆಂಚು ಹೊದಿಸಿ, ಹಿತ್ತಲಿನಲ್ಲಿ ತೆಂಗು ಮಾವುಗಳನ್ನು ಬೆಳೆಸಿಕೊಂಡ ಆ ಬಡಾವಣೆಗಳೂ ಈಗ ಹಳೆಯವಾದವು. ಅಲ್ಲಿಯ ಮೊಮ್ಮಕ್ಕಳು ಕ್ಯಾಲಿಫೋರ್ನಿಯ, ನ್ಯೂಜೆರ್ಸಿಗಳಲ್ಲಿದ್ದಾರೆ. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಾನು ಬಲ್ಲ ಮನೆಯಲ್ಲಿ ಮುದುಕಿಯೊಬ್ಬರೇ ಇರುವುದು. ಹೊಸಿಲ ಮುಂದೆ ಬೆಳಗಾದರೆ ನೀರು ಚಿಮುಕಿಸಿ ರಂಗೋಲಿ ಹಾಕುವವಳು ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕಾವಲಿಗಿರುವವನ ಹೆಂಡತಿ, ರಾಯಚೂರಿನ ಕಡೆಯವಳು. ಮೊದಮೊದಲು ಮುದುಕಿ ಕಿಟಕಿಯಿಂದ, “ಎಳೆ ಸೊಟ್ಟ ಆಯ್ತಲ್ಲೇ” ಎಂದು ತಿದ್ದುತ್ತಿದ್ದರು. ಈಗ ಅವಳ ಊರಿನ ಕಡೆಯ ಚಿತ್ರವೇ ಬೀಳುತ್ತದೆ, ಇವರಿಗೂ ಅದೇ ರೂಢಿಯಾಗಿದೆ. ಆ ಬೀದಿಯಲ್ಲಿ ಸಂಜೆ ಆಡುವ ಮಕ್ಕಳಿದ್ದರೆ ಅವು ಅವಳ ಮಕ್ಕಳೇ.

ಈ ರಂಗೋಲಿಯ ಪುಣ್ಯ ಯಾರಿಗೆ? ಮೀಮಾಂಸಕರನ್ನು ಕೇಳಿದರೆ ಅವರ ಉತ್ತರ ಸಿದ್ಧವಾಗಿದೆ: ಋತ್ವಿಜರು ಎಷ್ಟೇ ದುಡಿದರೂ ದಕ್ಷಿಣೆಯಿಂದ ಅವರ ಶ್ರಮವನ್ನು ಕೊಂಡವನು ಯಜಮಾನನಾದಕಾರಣ ಯಜ್ಞದ ಫಲ ಅವನದು. ಹಾಗೆ ನೋಡಿದರೆ ತಿಂಗಳಿಗೊಮ್ಮೆ ಹಣ ಕಳುಹಿಸುವ ಮಗನಿಗೆ ನ್ಯೂಜೆರ್ಸಿಯಲ್ಲಿ ಮಂಗಳವಾಗತಕ್ಕದ್ದು. ದೇವಋಣ, ಪಿತೃಋಣಗಳ ಮಟ್ಟಿಗೆ ಈ ನ್ಯಾಯ ನಡೆದೀತು. ಪುರೋಹಿತನಿಗೆ ದಕ್ಷಿಣೆ ಕೊಟ್ಟು ನಾವೆಲ್ಲ ಮಾಡುವುದೂ ಅದೇ. ನಾಲ್ಕನೆಯದರ ಮಟ್ಟಿಗೆ ನಡೆಯದು. ಆ ಹೊಸಿಲ ಮುಂದೆ ಬಗ್ಗಿದವಳಿಗೂ ಒಳಗಿರುವ ಮುದುಕಿಗೂ ನಡುವೆ, ಕಾಫಿಯ ಲೋಟ, ಮಗುವಿನ ಜ್ವರಕ್ಕೆ ಕೊಟ್ಟ ಮಾತ್ರೆ, ರಾತ್ರಿ ಮುದುಕಿಗೆ ಉಬ್ಬಸ ಹೆಚ್ಚಿದಾಗ ಆಟೋ ಕರೆತರಲು ಓಡಿದ ಓಟ ಇವುಗಳಿಂದ ಬೆಳೆದ ಲೆಕ್ಕಕ್ಕೆ ಮಗನು ಕಳುಹಿಸುವ ಹಣ ಜಮೆಯಾಗುವುದಿಲ್ಲ. ಕಟ್ಟಡ ಮುಗಿದ ದಿನ ಆ ಸಂಸಾರ ಇನ್ನೊಂದು ಬೀದಿಗೆ ಹೋಗುತ್ತದೆ. ಅವರಿಗೆ ಮನೆ ಕಟ್ಟಿಸಿಕೊಂಡವನ ವಿಳಾಸವುಂಟು, ತಮ್ಮದೆಂಬುದಿಲ್ಲ. ಬಾಕಿಯನ್ನು ಉಳಿಸಿಕೊಳ್ಳುವವರು ನಾವು.

ಊರಿನ ಗ್ರಾಮದೇವತೆ ಅಣ್ಣಮ್ಮನ ಗುಡಿ ಮೆಜೆಸ್ಟಿಕ್‌ನಲ್ಲಿದೆ. ಹಿಂದೆ ಅದರ ಸಮೀಪದಲ್ಲಿದ್ದ ಧರ್ಮಾಂಬುಧಿ ಕೆರೆಯ ಅಂಗಳ ಬಸ್ಸು ನಿಲ್ದಾಣವಾಗಿ, ಎದುರಿಗೆ ರೈಲು ನಿಲ್ದಾಣವೂ ಇರುವುದರಿಂದ, ಗಂಟುಮೂಟೆಯೊಡನೆ ಊರಿಗೆ ಬಂದಿಳಿಯುವವನು ಮೊದಲು ಕಾಲಿಡುವುದು ಅವಳ ನೆರೆಯಲ್ಲಿ. ಗ್ರಾಮದೇವತೆಯೆಂದರೆ ಗಡಿ ಕಾಯುತ್ತ ತನ್ನ ಸ್ಥಾನದಲ್ಲಿರುವವಳು. ಅಣ್ಣಮ್ಮನ ಉತ್ಸವಮೂರ್ತಿಯಾದರೋ ವರ್ಷದ ಬಹುಭಾಗ ತಿರುಗಾಟದಲ್ಲಿರುತ್ತದೆ. ಯಾವ ಬಡಾವಣೆಯ ಯುವಕರ ಸಂಘದವರು ಕೇಳಿದರೂ ಅಲ್ಲಿಗೆ ಹೋಗಿ, ಚಪ್ಪರದಲ್ಲಿ ಕುಳಿತು, ಮಡಿಲಕ್ಕಿ ತುಂಬಿಸಿಕೊಂಡು, ರಾತ್ರಿಯ ಆರ್ಕೆಸ್ಟ್ರಾವನ್ನೂ ಸಹಿಸಿಕೊಂಡು ಹಿಂದಿರುಗುತ್ತಾಳೆ. ಸ್ಥಾವರ ಜಂಗಮಗಳ ವಿಚಾರವನ್ನು ಶರಣರಿಂದ ಕಲಿತ ನಾಡಿನಲ್ಲಿ ಇದೇನೂ ಅಚ್ಚರಿಯಲ್ಲ. ಆ ಬಡಾವಣೆಗಳಲ್ಲಿರುವವರ ಕುಲದೇವತೆಗಳು ಮಂಡ್ಯದಲ್ಲೋ, ತಿರುಪತಿಯಲ್ಲೋ, ರಾಜಸ್ಥಾನದಲ್ಲೋ ಇದ್ದಾರೆ. ಚಂದಾ ಎತ್ತಲು ಬರುವ ಹುಡುಗರು ಅದನ್ನು ವಿಚಾರಿಸುವುದಿಲ್ಲ. ರಸೀದಿ ಪುಸ್ತಕದಲ್ಲಿ ಮನೆಯ ನಂಬರು, ಎಷ್ಟನೆಯ ಕ್ರಾಸು ಎಂದು ಬರೆದುಕೊಂಡು, ಹೋದ ವರ್ಷಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೇಳುತ್ತಾರೆ. ಮಹಡಿಯ ಮೇಲಿನ ಬಂಗಾಳಿ ಅಕ್ಕಸಾಲಿಯು ನಗರ್ತಪೇಟೆಯ ಕೆಲಸ ಮುಗಿಸಿ ಬಂದವನು, ಹೆಚ್ಚು ಚೌಕಾಸಿ ಮಾಡದೆ ಕೊಟ್ಟು, “ಮೈಕು ಹನ್ನೊಂದಕ್ಕೆ ನಿಲ್ಲಿಸ್ತೀರಾ?” ಎಂದು ಅರೆಬರೆ ಕನ್ನಡದಲ್ಲಿ ಕೇಳುತ್ತಾನೆ. ಅವರು ಹೂಂ ಎನ್ನುತ್ತಾರೆ, ನಿಲ್ಲಿಸುವುದಿಲ್ಲ. ಮರುದಿನ ಅವನು ಜಗಳಕ್ಕೆ ಇಳಿಯುತ್ತಾನೆ, ಆ ಬೀದಿಯಲ್ಲಿ ಜಗಳವಾಡುವ ಹಕ್ಕು ತನಗೂ ಉಂಟೆಂಬ ಧೈರ್ಯದಿಂದ.